ದೋಣಿ ಕೊಳ್ಳುವ ಮೊದಲು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಲೇಖನರೂಪ)



ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದಾಗ, ಕನ್ನಡ ಪಂಡಿತನಾದ ನಾನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವೆನೆಂದು ಅವರು ನಂಬಿದ್ದರು. ವಿಷಯವು ಹಾಯಿದೋಣಿಯೆಂದು ತಿಳಿಸಿದೊಡನೆ ಅವರು ನಕ್ಕು, "ಮೇಷ್ಟ್ರೇ, ಬೇರಿಕೆಯಲ್ಲಿ ಕುಡಿಯುವ ನೀರಿನ ಮಾತನಾಡಿದರೆ ಜನ ಕೇಳುತ್ತಾರೆ; ಕಡಲಿನ ಮಾತು ಯಾರಿಗೆ ಬೇಕು?" ಎಂದರು. ಅವರ ನಗೆಯಲ್ಲಿ ನ್ಯಾಯವಿಲ್ಲದಿಲ್ಲ. ನಮ್ಮದು ರಾಗಿ ಹುರುಳಿಗಳ ಸೀಮೆ. ನಾವು ನಿಂತಿರುವ ಈ ಹೊಸೂರು ಪ್ರಸ್ಥಭೂಮಿ ಕಡಲಿಗಿಂತ ಸುಮಾರು 3000 ಅಡಿ ಎತ್ತರದಲ್ಲಿದೆ. ಇಲ್ಲಿಂದ ಯಾವ ದಿಕ್ಕಿಗೆ ಮುಖಮಾಡಿ ನಿಂತರೂ ಕಾಣುವುದು ಗುಡ್ಡ, ಬಂಡೆ, ಹೊಲ, ಕೆರೆಯ ಏರಿ, ಕಡಲಲ್ಲ.

ಆದರೂ ನಾವು ಕಡಲಿಗೆ ತೀರ ಪರಕೀಯರಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯು ಹೊಸೂರಿನ ಮಗ್ಗುಲಲ್ಲಿ ಹಾದು, ನಮ್ಮ ಕಡೆಯ ಹಳ್ಳಕೊಳ್ಳಗಳ ನೀರನ್ನು ಕೂಡಿಸಿಕೊಂಡು, ಕೃಷ್ಣಗಿರಿಯ ಅಣೆಕಟ್ಟನ್ನು ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಾವು ಕಡಲನ್ನು ನೋಡದಿದ್ದರೂ ನಮ್ಮ ನೀರು ನೋಡಿದೆ. ದಕ್ಷಿಣಕ್ಕೆ ಕಾವೇರಿಯ ಹೊಗೆನಕಲ್ಲಿನಲ್ಲಿ ಬಿದಿರ ಬುಟ್ಟಿಯಂಥ ಹರಿಗೋಲುಗಳು ಇಂದಿಗೂ ಜನರನ್ನು ಹೊತ್ತು ತಿರುಗುತ್ತವೆ. ಆ ಸ್ಥಳದ ಹೆಸರೇ ಹೊಗೆ, ಕಲ್ಲು ಎಂಬ ನಮ್ಮ ಎರಡು ಮಾತುಗಳಿಂದಾದುದು. ನೀರಿನ ಮೇಲೆ ಸಂಚರಿಸುವ ವಿದ್ಯೆ ನಮ್ಮವರಿಗೆ ಹೊಸದಲ್ಲ, ಮರೆತುಹೋದುದು, ಅಷ್ಟೆ.

ಎಷ್ಟು ಮರೆತುಹೋಗಿದೆಯೆಂಬುದಕ್ಕೆ ಒಂದು ನಿದರ್ಶನ. ಒಂಬತ್ತನೆಯ ತರಗತಿಯಲ್ಲಿ ಒಂದು ದಿನ "ಹಾಯಿ" ಎಂಬ ಶಬ್ದ ಬಂದಿತು. ಅರ್ಥವೇನೆಂದು ಕೇಳಿದೆ. ಒಬ್ಬ ಹುಡುಗನು ಎದ್ದು, "ಹಾಯಾಗಿರುವುದು, ಸಾರ್" ಎಂದನು. ಇನ್ನೊಬ್ಬನು ಕೈ ಬೀಸಿ ತೋರಿಸಿ, ಸ್ನೇಹಿತರು ಎದುರಾದಾಗ ಆಡುವ ಇಂಗ್ಲಿಷಿನ ಮಾತು ಅದೆಂದನು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಬಳಿಕ ಕರಿಹಲಗೆಯ ಮೇಲೆ ದೋಣಿಯನ್ನೂ ಅದರ ನಡುವೆ ಕೂವೆಮರವನ್ನೂ ಅದಕ್ಕೆ ಕಟ್ಟಿದ ಬಟ್ಟೆಯನ್ನೂ ಬರೆದು ತೋರಿಸಿದೆ. ಆಗ ಹಿಂದಿನ ಸಾಲಿನಲ್ಲಿದ್ದ, ಮನೆಯಲ್ಲಿ ತಮಿಳು ಮಾತನಾಡುವ ಹುಡುಗಿಯೊಬ್ಬಳು, "ಅದು ಪಾಯ್, ಸಾರ್" ಎಂದಳು. ಪಂಡಿತನು ಹೇಳಬೇಕಾದುದನ್ನು ಆ ಮಗು ಹೇಳಿತ್ತು. ತಮಿಳಿನ ಪಾಲು ನಮ್ಮ ಹಾಲಾದಂತೆ, ಪುಲಿ ಹುಲಿಯಾದಂತೆ, ಪಾಯ್ ಎಂಬುದೇ ನಮ್ಮಲ್ಲಿ ಹಾಯಿ. ತಮಿಳಿನಲ್ಲಿ ಆ ಶಬ್ದಕ್ಕೆ ಚಾಪೆಯೆಂಬ ಅರ್ಥವೂ ಉಂಟು. ಹೆಣೆದ ಚಾಪೆಯನ್ನೇ ಕೂವೆಗೆ ಏರಿಸಿ ಗಾಳಿ ಹಿಡಿಯುತ್ತಿದ್ದ ಕಾಲದ ನೆನಪು ಆ ಒಂದು ಶಬ್ದದಲ್ಲಿ ಅಡಗಿದೆ. ಗಡಿಯಲ್ಲಿ ಬಾಳುವ ನಮಗೆ ಎರಡು ಮನೆಯ ಮಾತುಗಳೂ ಕಿವಿಗೆ ಬೀಳುವುದರಿಂದ ದೊರೆಯುವ ಲಾಭವಿದು.

ಇನ್ನು ಈ ವಿಷಯವನ್ನು ನಾನು ಆರಿಸಿಕೊಂಡ ಕಾರಣವನ್ನು ಅರಿಕೆ ಮಾಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಕಳೆದ ಬೇಸಗೆಯಲ್ಲಿ ಮನೆಗೆ ಬಂದವನು, ಮದರಾಸಿನ ಕಡೆ ಹಳೆಯದೊಂದು ಯಾಟ್, ಅಂದರೆ ಹಾಯಿಯ ವಿಹಾರನೌಕೆ, ಮಾರಾಟಕ್ಕಿದೆಯೆಂದೂ ತಾನೂ ಇಬ್ಬರು ಗೆಳೆಯರೂ ಸೇರಿ ಅದನ್ನು ಕೊಳ್ಳಲಿರುವುದಾಗಿಯೂ ತನ್ನ ಪಾಲಿನ ಹಣಕ್ಕೆ ತಂದೆಯ ಒಂದು ಎಕರೆ ಹೊಲವನ್ನು ಅಡವಿಡುವ ಆಲೋಚನೆಯಿದೆಯೆಂದೂ ಹೇಳಿದನು. "ನೀನು ಹಾಯಿದೋಣಿಯಲ್ಲಿ ಕುಳಿತಿದ್ದೀಯೇನಪ್ಪಾ?" ಎಂದು ಕೇಳಿದೆ. "ಇಲ್ಲ ಮೇಷ್ಟ್ರೇ, ವಿಡಿಯೋಗಳಲ್ಲಿ ಎಲ್ಲವನ್ನೂ ನೋಡಿ ತಿಳಿದಿದ್ದೇನೆ" ಎಂದನು. "ಈಜು ಬರುವುದೋ?" ಎಂದೆ. ತಲೆ ತಗ್ಗಿಸಿದನು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ ತಾನೆ? ಕುಲಾವಿಯಾದರೆ ಒಂದು ಗೇಣು ಬಟ್ಟೆಯ ನಷ್ಟ. ಇಲ್ಲಿ ಒಂದು ಎಕರೆ ಹೊಲದ ಮಾತು, ಮೂರು ಜೀವಗಳ ಮಾತು.

ಆ ಹುಡುಗನ ಆಸೆಯನ್ನು ಹೀಗಳೆಯಲು ನನಗೆ ಮನಸ್ಸಾಗಲಿಲ್ಲ. ಬೇರಿಕೆಯ ಹುಡುಗನು ಕಡಲನ್ನು ಕನಸು ಕಂಡನೆಂಬುದೇ ನನಗೆ ಸಂತೋಷ. ಆಸೆ ತಪ್ಪಲ್ಲ, ಅನುಕ್ರಮ ತಪ್ಪು. ನಾನು ನಾವಿಕನಲ್ಲ. ಆದರೂ ಗ್ರಂಥಗಳನ್ನು ಓದಿ, ಬಲ್ಲವರನ್ನು ಕೇಳಿ, ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ನಿಂತು ನೋಡಿ ತಿಳಿದುಕೊಂಡುದನ್ನು ಅವನಿಗೆ ಹೇಳಿದೆ. ಅದನ್ನೇ ತಮ್ಮ ಮುಂದೆಯೂ ಇಡುತ್ತೇನೆ. ಅವನು ಹೊಲವನ್ನು ಅಡವಿಡುವ ಯೋಚನೆಯನ್ನು ಬಿಟ್ಟು, ಈಗ ಬೆಳಗಿನ ಹೊತ್ತು ಈಜು ಕಲಿಯಲು ಹೋಗುತ್ತಿದ್ದಾನೆಂಬುದನ್ನು ಇಲ್ಲಿಯೇ ತಿಳಿಸಿ, ಅವನ ಕಥೆಯನ್ನು ಮುಗಿಸುತ್ತೇನೆ.

ಮೊದಲನೆಯದಾಗಿ, ಒಡೆತನ ಬೇರೆ, ವಿದ್ಯೆ ಬೇರೆ. ವೀಣೆಯನ್ನು ಕೊಂಡವನು ವೈಣಿಕನಾಗನು. ನಮ್ಮ ಕನ್ನಡ ಕರಾವಳಿಯಲ್ಲಿ ಮಚವೆ, ಮಂಜಿ, ಪತ್ತೆಮಾರಿಗಳೆಂಬ ಹಾಯಿಹಡಗುಗಳು ಹೆಂಚು, ಅಕ್ಕಿ, ತೆಂಗು, ಸಂಬಾರ ಪದಾರ್ಥಗಳನ್ನು ಹೊತ್ತು ಮುಂಬಯಿಗೂ ಮಲಬಾರಿಗೂ ಲಕ್ಷದ್ವೀಪಕ್ಕೂ ಹೋಗಿಬರುತ್ತಿದ್ದ ಕಾಲದಲ್ಲಿ, ಹಡಗಿನ ಒಡೆಯನಾದ ವರ್ತಕನು ಸಾಮಾನ್ಯವಾಗಿ ದಡದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ಹಡಗನ್ನು ನಡೆಸುವವನು ತಂಡೇಲನು. ಆ ತಂಡೇಲನಾದರೂ ಒಂದೇ ದಿನದಲ್ಲಿ ಚುಕ್ಕಾಣಿ ಹಿಡಿದವನಲ್ಲ. ಎಳವೆಯಲ್ಲಿ ಅಡುಗೆಯ ಹುಡುಗನಾಗಿ ಹತ್ತಿ, ಗಂಜಿ ಬೇಯಿಸಿ, ತಳದಲ್ಲಿ ಸೇರಿದ ನೀರನ್ನು ಮೊಗೆದುಹಾಕಿ, ಹಗ್ಗ ಎಳೆದು, ಹಾಯಿ ಹೊಲಿದು, ಹಲವು ಮಳೆಗಾಲ ಕಳೆದ ಮೇಲೆ ಚುಕ್ಕಾಣಿಯ ಹತ್ತಿರ ಸುಳಿಯುವ ಅಧಿಕಾರ ಪಡೆಯುತ್ತಿದ್ದನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಚೌಡಯ್ಯನವರನ್ನು ನಾವು ಇಂದಿಗೂ ಅಂಬಿಗರ ಚೌಡಯ್ಯನವರೆಂದೇ ನೆನೆಯುತ್ತೇವೆ. ಅವರ ದೋಣಿಯ ಬೆಲೆಯೆಷ್ಟಿತ್ತೆಂದು ಯಾರೂ ಕೇಳಲಿಲ್ಲ. ಕಾಯಕ ಉಳಿಯಿತು, ಹೆಸರಾಯಿತು.

ಹಾಗಾದರೆ ಕಲಿಕೆಯ ಮೊದಲ ಮೆಟ್ಟಿಲು ಯಾವುದು? ಅದು ದೋಣಿಯಲ್ಲ, ಈಜು. ತಾಯಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇನೆ. ಬೇಸಗೆ ರಜೆ ಬಂದಿತೆಂದರೆ ಕೆರೆಯಲ್ಲೋ ಕಲ್ಲುಗಣಿಯ ಹೊಂಡದಲ್ಲೋ ಮುಳುಗಿದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ನಾವು ನೀರಿಗೆ ಹೋಗಬೇಡವೆಂದು ಗದರಿಸುತ್ತೇವೆ, ಈಜು ಕಲಿಸುವುದಿಲ್ಲ. ಗದರಿಕೆಯಿಂದ ಮಗು ಮುಳುಗದೆ ಇರುವುದಿಲ್ಲ, ಹೇಳದೆ ಹೋಗುತ್ತದೆ. ಆದುದರಿಂದ ಬಲ್ಲ ಹಿರಿಯರ ಎದುರಿನಲ್ಲಿ, ಸೊಂಟದುದ್ದದ ನೀರಿನಲ್ಲಿ ಈಜು ಕಲಿಯುವುದು ಪ್ರಥಮ ಪಾಠ. ಈಜು ಬಂದ ಮಾತ್ರಕ್ಕೆ ಲೈಫ್ ಜಾಕೆಟ್ ಬೇಡವೆನ್ನುವುದು ಎರಡನೆಯ ಅವಿವೇಕ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವನಿಗೆ ಈಜು ನೆರವಾಗದು; ಎದೆಗೆ ಕಟ್ಟಿದ ಜಾಕೆಟ್ ನೆರವಾದೀತು. ಹೊಗೆನಕಲ್ಲಿನಲ್ಲಿ ಹರಿಗೋಲು ಮಗುಚಿ ಪ್ರಾಣಹಾನಿಯಾದುದನ್ನು ನಾವು ಬಲ್ಲೆವು. ಜಾಕೆಟ್ ಕೊಡದ ದೋಣಿಗೆ ಕಾಲಿಡುವುದಿಲ್ಲವೆಂಬ ವ್ರತವನ್ನು ಇಂದೇ ತೊಡಬಹುದು. ಅದಕ್ಕೆ ಕಾಸು ಖರ್ಚಿಲ್ಲ.

ಎರಡನೆಯ ಮೆಟ್ಟಿಲು ಗಾಳಿಯ ಪರಿಚಯ. ಇಲ್ಲಿ ನಮ್ಮ ರೈತರು ಪಟ್ಟಣದವರಿಗಿಂತ ಮುಂದಿದ್ದಾರೆ. "ಗಾಳಿ ಬಂದಾಗ ತೂರಿಕೊ" ಎಂಬ ಗಾದೆ ಹುಟ್ಟಿದುದು ಕಣದಲ್ಲಿ. ರಾಗಿ ತೂರುವವನು ಬೇವಿನ ಎಲೆಯನ್ನು ನೋಡುತ್ತಾನೆ, ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ಎರಚಿ ಅದು ಬೀಳುವ ಕಡೆಯನ್ನು ಗಮನಿಸುತ್ತಾನೆ, ಕೆನ್ನೆಯ ಮೇಲೆ ಗಾಳಿಯನ್ನು ಅಳೆಯುತ್ತಾನೆ. ಬಳಿಕ ಮೊರ ಎತ್ತುತ್ತಾನೆ. ಪಡುಗಾಳಿ ಯಾವುದು, ಮೂಡಗಾಳಿ ಯಾವುದು, ಸುಂಟರಗಾಳಿ ಬರುವ ಮುನ್ನ ಧೂಳು ಹೇಗೆ ಏಳುವುದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವಿಕನು ಮಾಡುವುದೂ ಇದನ್ನೇ: ಕೂವೆಯ ತುದಿಗೆ ನೂಲೊಂದನ್ನು ಕಟ್ಟಿ ನೋಡುತ್ತಾನೆ, ನೀರಿನ ಮೇಲೆ ಕಪ್ಪಾಗಿ ಸುಕ್ಕುಗಟ್ಟಿ ಬರುವ ಗೆರೆಯನ್ನು ಕಂಡು ಬಿರುಸು ಗಾಳಿ ಬರುತ್ತಿದೆಯೆಂದು ತಿಳಿಯುತ್ತಾನೆ. ಕರಾವಳಿಯ ಮೊಗವೀರರು ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಹೊರಟು, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ ಬೀಸುವ ಗಾಳಿಯಲ್ಲಿ ಮನೆಗೆ ಬರುತ್ತಿದ್ದುದು ಈ ಜ್ಞಾನದ ಬಲದಿಂದಲೇ. ಆದುದರಿಂದ ಕಡಲು ಕಾಣದ ಬೇರಿಕೆಯಲ್ಲಿಯೂ ಹಾಯಿದೋಣಿಯ ಪಾಠದ ಅರ್ಧವನ್ನು ಕೆರೆಯ ಏರಿಯ ಮೇಲೆ ನಿಂತು ಕಲಿಯಬಹುದು.

ಮೂರನೆಯದು ಗಂಟು. ಹಸುಗಳನ್ನು ಗೂಟಕ್ಕೆ ಕಟ್ಟುವ ಮನೆಯ ಮಕ್ಕಳಿಗೆ ಇದೂ ಅಪರಿಚಿತವಲ್ಲ. ಎಷ್ಟು ಎಳೆದರೂ ಕಿರಿದಾಗದೆ, ಎಳೆತ ನಿಂತೊಡನೆ ಸಲೀಸಾಗಿ ಬಿಚ್ಚಿಬರುವ ಕುಣಿಕೆಯೊಂದುಂಟು. ನಾವಿಕರು ಅದನ್ನು ಬೋಲೈನ್ ಎನ್ನುತ್ತಾರೆ. ಹಗ್ಗದ ತುದಿ ರಂಧ್ರದಿಂದ ನುಸುಳಿಹೋಗದಂತೆ ತಡೆಯುವ ಗಂಟೊಂದು, ಕಂಬಕ್ಕೆ ಸುತ್ತಿ ಬಿಗಿಯುವ ಗಂಟೊಂದು. ಈ ಮೂರನ್ನು ಕತ್ತಲೆಯಲ್ಲಿ ಕಣ್ಣುಮುಚ್ಚಿ ಹಾಕಲು ಬಂದರೆ ಪ್ರಾರಂಭಕ್ಕೆ ಸಾಕು. ಒಂದು ಮಾರು ಹಗ್ಗವಿದ್ದರೆ ಮನೆಯ ಜಗಲಿಯೇ ಪಾಠಶಾಲೆ.

ಇನ್ನು ಹಾಯಿಯ ಮರ್ಮ. ಗಾಳಿಯು ಹಿಂದಿನಿಂದ ತಳ್ಳುವುದರಿಂದ ದೋಣಿ ಮುಂದೆ ಹೋಗುವುದೆಂದು ಸಾಮಾನ್ಯರ ತಿಳಿವಳಿಕೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಆಗಿದ್ದರೆ ಹೋದ ದೋಣಿ ಗಾಳಿ ತಿರುಗುವವರೆಗೆ ಹಿಂದಿರುಗುತ್ತಿರಲಿಲ್ಲ. ಉಬ್ಬಿದ ಹಾಯಿ ಹಕ್ಕಿಯ ರೆಕ್ಕೆಯಂತೆ ಕೆಲಸ ಮಾಡುತ್ತದೆ. ಅದರ ಎರಡು ಮೈಗಳ ಮೇಲೆ ಹರಿಯುವ ಗಾಳಿ ದೋಣಿಯನ್ನು ಮುಂದಕ್ಕೂ ಪಕ್ಕಕ್ಕೂ ಸೆಳೆಯುತ್ತದೆ. ದೋಣಿಯ ನಡುವಿನ ಸೀಳಿನಿಂದ ನೀರಿಗಿಳಿಸಿದ ಹಲಗೆಯೊಂದು ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ಉಳಿಯುವುದು ಮುಂದಿನ ಚಲನೆ ಮಾತ್ರ. ಕಲ್ಲಂಗಡಿಯ ಒದ್ದೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಪಕ್ಕಕ್ಕೆ ಹೋಗಲು ದಾರಿಯಿಲ್ಲದೆ ಮುಂದಕ್ಕೆ ಚಿಮ್ಮುವುದಲ್ಲವೆ? ಹಾಗೆ. ಆದರೂ ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲು ಯಾವ ಹಾಯಿದೋಣಿಗೂ ಸಾಧ್ಯವಿಲ್ಲ. ಗಾಳಿಯ ಗೆರೆಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಬಲಕ್ಕೆ ಸ್ವಲ್ಪ ದೂರ, ಅನಂತರ ತಿರುಗಿ ಎಡಕ್ಕೆ ಸ್ವಲ್ಪ ದೂರ, ಹೀಗೆ ಅಂಕುಡೊಂಕಾಗಿ ಸಾಗಬೇಕು. ಹೇರು ತುಂಬಿದ ಗಾಡಿಯನ್ನು ಕಡಿದಾದ ದಿಣ್ಣೆಯ ಮೇಲೆ ಎತ್ತುಗಳು ನೇರವಾಗಿ ಎಳೆಯಲಾರದೆ ಹೋದಾಗ ಬಲ್ಲ ಗಾಡಿಯವನು ಅಡ್ಡಡ್ಡಲಾಗಿ ಹೊಡೆದು ಏರಿಸುವಂತೆಯೇ ಇದು. ಎದುರಾಳಿಯನ್ನೇ ಸಹಾಯಕನನ್ನಾಗಿ ಮಾಡಿಕೊಂಡು ಗುರಿ ಮುಟ್ಟುವ ಈ ಉಪಾಯವು ಮಾನವನ ಬುದ್ಧಿಯ ಅತ್ಯಂತ ಸೊಗಸಾದ ಸಾಧನೆಗಳಲ್ಲಿ ಒಂದೆಂದು ನನ್ನ ಭಾವನೆ.

ಇದನ್ನು ಕಲಿಯುವ ದೋಣಿ ಎಷ್ಟು ದೊಡ್ಡದಿರಬೇಕು? 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ಮಕ್ಕಳಿಗಾಗಿ ಆಪ್ಟಿಮಿಸ್ಟ್ ಎಂಬ ದೋಣಿಯನ್ನು ರೂಪಿಸಿದರು. ಉದ್ದ 2.36 ಮೀಟರು, ತೂಕ ಸುಮಾರು 35 ಕಿಲೋ, ಒಂದೇ ಹಾಯಿ. ನಮ್ಮ ಮನೆಯ ಮಂಚಕ್ಕಿಂತ ಸ್ವಲ್ಪ ಉದ್ದ. ರಾಗಿ ಮೂಟೆಗಿಂತ ಹಗುರ. ಇಂದು ಲೋಕದ ನಾನಾ ದೇಶಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳು ಹಾಯಿ ಕಲಿಯುವುದು ಈ ಪುಟ್ಟ ಪೆಟ್ಟಿಗೆಯಂಥ ದೋಣಿಯಲ್ಲಿಯೇ. ದೊಡ್ಡವರಿಗೆ ಸುಮಾರು 4.2 ಮೀಟರು ಉದ್ದದ ಲೇಸರ್ ಮೊದಲಾದ ಕಿರುದೋಣಿಗಳಿವೆ. ಬಲ್ಲವರೆಲ್ಲರೂ ಒಕ್ಕೊರಲಿನಿಂದ ಹೇಳುವುದೇನೆಂದರೆ, ಚಿಕ್ಕ ದೋಣಿಯಲ್ಲಿ ಕಲಿತವನೇ ದೊಡ್ಡ ದೋಣಿಯನ್ನು ಚೆನ್ನಾಗಿ ನಡೆಸುತ್ತಾನೆ. ದೊಡ್ಡ ನೌಕೆ ತಪ್ಪನ್ನು ನುಂಗಿಕೊಂಡು ಬಹಳ ಹೊತ್ತಿನ ಮೇಲೆ ದೊಡ್ಡ ದಂಡ ವಿಧಿಸುತ್ತದೆ. ಚಿಕ್ಕ ದೋಣಿ ತಪ್ಪು ಮಾಡಿದ ಕ್ಷಣವೇ ನೀರಿಗೆ ಕೆಡವಿ ಪಾಠ ಹೇಳುತ್ತದೆ.

ಈ ಕೆಡವುವುದನ್ನೂ ಶಾಲೆಗಳಲ್ಲಿ ಪಾಠವನ್ನಾಗಿಯೇ ಇಟ್ಟಿದ್ದಾರೆ. ದೋಣಿ ನಡೆಸುವುದನ್ನು ಕಲಿಸುವ ಮೊದಲೇ ದೋಣಿಯನ್ನು ಬೇಕೆಂದೇ ಮಗುಚಿಸುತ್ತಾರೆ. ಕಲಿಯುವವನು ಸುತ್ತಿ ಈಜಿ, ತಳದಿಂದ ಹೊರಚಾಚಿದ ಹಲಗೆಯನ್ನು ಹಿಡಿದು, ಅದರ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ವಾಲಿದರೆ, ನೀರಿನಲ್ಲಿ ಮಲಗಿದ್ದ ಕೂವೆ ಮೆಲ್ಲನೆ ಮೇಲೇಳುತ್ತದೆ. ಬಳಿಕ ಹತ್ತಿ ನೀರು ಮೊಗೆಯಬೇಕು. ಈ ಪಾಠದಲ್ಲಿ ಒಂದು ಕಟ್ಟುನಿಟ್ಟಾದ ಆಜ್ಞೆಯುಂಟು: ಮಗುಚಿದ ದೋಣಿಯನ್ನು ಬಿಟ್ಟು ದಡದ ಕಡೆಗೆ ಈಜಬೇಡ. ದಡವು ಕಣ್ಣಿಗೆ ಹತ್ತಿರ, ತೋಳಿಗೆ ದೂರ. ದೋಣಿ ತೇಲುತ್ತದೆ, ಹುಡುಕಿ ಬರುವವರಿಗೆ ಕಾಣುತ್ತದೆ. ಒಂಟಿ ತಲೆ ಕಾಣುವುದಿಲ್ಲ. ಇನ್ನೊಂದು ಆಜ್ಞೆ: ಗಾಬರಿಯಾದಾಗ ಹಾಯಿಯ ಹಗ್ಗವನ್ನು ಸಡಿಲಬಿಡು. ಹಗ್ಗ ಬಿಟ್ಟರೆ ಹಾಯಿ ಗಾಳಿಯನ್ನು ಚೆಲ್ಲಿ ಪಟಪಟನೆ ಬಡಿಯುತ್ತದೆ, ದೋಣಿ ನಿಧಾನಿಸುತ್ತದೆ. ಭಯಪಟ್ಟವನ ಕೈ ಸ್ವಭಾವತಃ ಬಿಗಿಯುತ್ತದೆ; ಸಡಿಲಿಸುವುದೇ ಕ್ಷೇಮವೆಂಬುದನ್ನು ಕೈಗೆ ಅಭ್ಯಾಸದಿಂದ ಮಾತ್ರ ಕಲಿಸಬಹುದು. ವಿಡಿಯೋ ನೋಡಿದ ಕಣ್ಣಿಗೆ ಇದು ತಿಳಿದೀತು, ಕೈಗೆ ತಿಳಿಯದು. ಹಾಗೆಯೇ ಹಾಯಿಯ ಕೆಳ ಅಂಚನ್ನು ಹಿಡಿದ ಬೂಮ್ ಎಂಬ ಅಡ್ಡದೂಲವು ದೋಣಿ ತಿರುಗಿದಾಗ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೀಸಿಬರುವಾಗ ತಲೆ ತಗ್ಗಿಸುವುದನ್ನೂ ಮೈಯೇ ಕಲಿಯಬೇಕು.

"ಇದೆಲ್ಲ ಕಡಲಂಚಿನ ಸಿರಿವಂತರ ಆಟ; ನಮಗೇಕೆ?" ಎಂದು ಕೆಲವರು ಕೇಳಬಹುದು. ಮದರಾಸಿನಲ್ಲಿ 1911ರಲ್ಲಿ ಯಾಟ್ ಕ್ಲಬ್ ಸ್ಥಾಪನೆಯಾದಾಗ ಅದು ಆಳುವವರ ವಿನೋದವೇ ಆಗಿತ್ತು, ನಿಜ. ಈಗ ಕಾಲ ಬದಲಾಗಿದೆ. 2023ರಲ್ಲಿ ಚೀನಾದ ಹ್ಯಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕಿರುದೋಣಿಯ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು. ಆ ಸೀಮೆಯೂ ನಮ್ಮಂತೆಯೇ ಕಡಲಿಲ್ಲದ ಒಳನಾಡು. ಆಕೆ ಕಲಿತುದು ಭೋಪಾಲದಲ್ಲಿ, ಭೋಜರಾಜನು ಕಟ್ಟಿಸಿದನೆಂಬ ಪ್ರತೀತಿಯುಳ್ಳ ದೊಡ್ಡ ಕೆರೆಯ ಮೇಲೆ. ಅದೇ ಕೂಟದಲ್ಲಿ ಕಂಚಿನ ಪದಕ ಗೆದ್ದ ವಿಷ್ಣು ಸರವಣನ್ ನಮ್ಮ ನೆರೆಯ ವೇಲೂರಿನವರು, ಸೈನಿಕರ ಮನೆಯ ಮಗ, ತಾವೂ ಸೈನಿಕರು. ಕೃಷ್ಣಗಿರಿಯಿಂದ ಹೆದ್ದಾರಿ ಹಿಡಿದರೆ ಸಿಗುವ ವೇಲೂರಿನಲ್ಲಿ ಕಡಲಿಲ್ಲ. ಪಾಲಾರಿನಲ್ಲಿ ನೀರೇ ಅಪರೂಪ. ಚೆನ್ನೈಯ ನೇತ್ರಾ ಕುಮಣನ್ ಹಾಯಿದೋಣಿಯ ಸ್ಪರ್ಧೆಗಾಗಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಪ್ರಥಮ ಮಹಿಳೆ. ಟೋಕಿಯೋದಲ್ಲಿ 2021ರಲ್ಲಿ ಸ್ಪರ್ಧಿಸಿದರು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಬಡವರ ಮಕ್ಕಳನ್ನು ಹುಡುಕಿ ತಂದು ಹಾಯಿ ಕಲಿಸುತ್ತಿದ್ದಾರೆ. ಇವರಾರೂ ಮೊದಲು ದೋಣಿ ಕೊಂಡು ಅನಂತರ ಕಲಿತವರಲ್ಲ. ಶಾಲೆಯ ದೋಣಿ, ಸೈನ್ಯದ ದೋಣಿ, ಸಂಘದ ದೋಣಿ; ಕಲಿತ ಕೈ ಮಾತ್ರ ತಮ್ಮದು.

ನಮಗೆ ಅತ್ಯಂತ ಸಮೀಪದ ಹಾಯಿ ಇರುವುದು ಬೆಂಗಳೂರಿನ ಹಲಸೂರು ಕೆರೆಯಲ್ಲಿ. ಅದರ ಮಗ್ಗುಲಲ್ಲಿರುವ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಇಂಜಿನಿಯರರ ಕೇಂದ್ರವು ಅಲ್ಲಿ ಹಾಯಿಯ ಅಭ್ಯಾಸವನ್ನು ಬೆಳೆಸಿದೆ. ಆ ಸಂಘದ ಹೆಸರು ತೃಷ್ಣಾ. ಇದು ಬರಿಯ ಅಲಂಕಾರದ ಹೆಸರಲ್ಲ. 1985ರಿಂದ 1987ರವರೆಗೆ ನಮ್ಮ ಸೈನ್ಯದ ಇಂಜಿನಿಯರರು ತೃಷ್ಣಾ ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡಿಬಂದರು. ಭಾರತೀಯರು ಹಾಯಿನೌಕೆಯಲ್ಲಿ ಮಾಡಿದ ಪ್ರಥಮ ಭೂಪ್ರದಕ್ಷಿಣೆ ಅದು. ಆ ನೌಕೆ 37 ಅಡಿಯದು. ಹೊಸದೂ ಅಲ್ಲ, ಇತರರ ಕೈಯಲ್ಲಿದ್ದು ಬಂದುದು. ದೋಣಿಯ ಹೊಸತನಕ್ಕಿಂತ ನಾವಿಕರ ಪಳಗಿದ ಕೈ ಮುಖ್ಯವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನೂ ಒಂದು ಸಾಕ್ಷಿಯನ್ನು ಹೇಳದೆ ಮುಂದೆ ಹೋಗಲಾರೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ನದಿಯು ಗೋವೆಯಲ್ಲಿ ಮಾಂಡವಿಯೆನಿಸಿಕೊಂಡು ಕಡಲು ಸೇರುತ್ತದೆ. ಆ ನದಿಯ ನಡುಗಡ್ಡೆಯಾದ ದಿವಾಡಿಯಲ್ಲಿ ಕಟ್ಟಿದ 56 ಅಡಿಯ ಹಾಯಿನೌಕೆಗೆ ಮ್ಹಾದೆಯಿ ಎಂದೇ ಹೆಸರಿಟ್ಟರು. ಅದರಲ್ಲಿ ನೌಕಾದಳದ ದಿಲೀಪ್ ದೊಂಡೆ ಅವರು 2009ರ ಆಗಸ್ಟಿನಿಂದ 2010ರ ಮೇ ತಿಂಗಳವರೆಗೆ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿದ ಪ್ರಥಮ ಭಾರತೀಯರೆನಿಸಿದರು. ಆದರೆ ಹೊರಡುವ ಮುನ್ನ ಅವರು ಕಳೆದ ಮೂರು ವರ್ಷಗಳನ್ನು ಗಮನಿಸಬೇಕು. ಏಕಾಂಗಿಯಾಗಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿದ ಲೋಕದ ಪ್ರಥಮ ನಾವಿಕರಾದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಬಳಿಗೆ ಹೋಗಿ, ಅವರ ನೌಕೆಯ ಸಿದ್ಧತೆಯಲ್ಲಿ ಕೈಜೋಡಿಸಿ ಕಲಿತರು. ತಮ್ಮ ನೌಕೆ ಕಟ್ಟುವಾಗ ಕಾರ್ಖಾನೆಯಲ್ಲಿಯೇ ನಿಂತು ಅದರ ಒಂದೊಂದು ಅಂಗವನ್ನೂ ಅರಿತರು. ಮುಂದೆ 2017ರ ಸೆಪ್ಟೆಂಬರಿನಿಂದ 2018ರ ಮೇ ತಿಂಗಳವರೆಗೆ ತಾರಿಣಿ ಎಂಬ ನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡಿದ ನೌಕಾದಳದ ಆರು ಮಂದಿ ಮಹಿಳೆಯರೂ ತಾರಿಣಿ ನೀರಿಗಿಳಿಯುವ ಮೊದಲು ಹಳೆಯ ಮ್ಹಾದೆಯಿಯ ಮೇಲೆಯೇ ಪಳಗಿದವರು. 2024ರ ಅಕ್ಟೋಬರಿನಿಂದ 2025ರ ಮೇ ತಿಂಗಳವರೆಗೆ ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಮಹಿಳೆಯರು ಭೂಮಿಯನ್ನು ಸುತ್ತಿಬಂದರು. ಅವರಲ್ಲಿ ರೂಪಾ ಅವರು ಪುದುಚ್ಚೇರಿಯವರು. ನಮ್ಮ ಪಿನಾಕಿನಿ ಕಡಲು ಸೇರುವ ಕಡಲೂರಿನ ನೆರೆಯವರು. ಇವರೆಲ್ಲರೂ ಮೊದಲು ಇನ್ನೊಬ್ಬರ ದೋಣಿಯಲ್ಲಿ ಹಗ್ಗ ಎಳೆದವರು.

ಈಗ ಕೊಳ್ಳುವ ಮಾತು. ಕಲಿತ ಮೇಲೆಯೂ ಆಸೆ ಉಳಿದರೆ ಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಆದರೆ ನೌಕೆಯ ಬೆಲೆಯೆಂಬುದು ಖರ್ಚಿನ ಹೊಸಿಲು ಮಾತ್ರ. ಅದನ್ನು ಕಟ್ಟಿಡಲು ಜಾಗದ ಬಾಡಿಗೆ, ತಳಕ್ಕೆ ಅಂಟುವ ಚಿಪ್ಪು ಪಾಚಿಗಳನ್ನು ಕೆರೆದು ಬಳಿಯುವ ಬಣ್ಣ, ಬಿಸಿಲಿಗೆ ಜೀರ್ಣವಾಗುವ ಹಾಯಿ, ಸವೆಯುವ ಹಗ್ಗ, ವಿಮೆ, ಕಾವಲು. ಬೆಲೆಯ ಹತ್ತರಲ್ಲೊಂದು ಪಾಲು ವರ್ಷವರ್ಷವೂ ಹೋಗುವುದೆಂದು ಅನುಭವಿಗಳು ಲೆಕ್ಕ ಹೇಳುವುದುಂಟು. ಹಟ್ಟಿಯ ಹಸು ಹಾಲು ಕೊಟ್ಟು ಮೇವು ಕೇಳುತ್ತದೆ. ಯಾಟ್ ಮೇವನ್ನು ಮಾತ್ರ ಕೇಳುತ್ತದೆ. ಆದುದರಿಂದ ಸಾಲ ಮಾಡಿ, ಹೊಲ ಅಡವಿಟ್ಟು ಕೊಳ್ಳತಕ್ಕ ವಸ್ತು ಅದಲ್ಲ.

ಎತ್ತಿನ ಸಂತೆಗೆ ಹೋಗುವಾಗ ನಾವು ಹಲ್ಲು ನೋಡುವ ಬಲ್ಲವನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತೇವೆ. ಹೂಡಿ ನಾಲ್ಕು ಸಾಲು ಉತ್ತು ನೋಡದೆ ಹಣ ಎಣಿಸುವುದಿಲ್ಲ. ದೋಣಿಗೂ ಅದೇ ನ್ಯಾಯ. ಮಾರುವವನಿಗೆ ಸಂಬಂಧವಿಲ್ಲದ ಪರೀಕ್ಷಕನಿಂದ ತಳವನ್ನು ನೀರಿನಿಂದ ಮೇಲೆತ್ತಿಸಿ ನೋಡಿಸಬೇಕು. ಹಾಯಿಯನ್ನು ಬಿಚ್ಚಿ ಹರವಿ ನೋಡಬೇಕು. ಕಾಗದಪತ್ರಗಳು ಸರಿಯಾಗಿವೆಯೆ ಎಂದು ತಿಳಿಯಬೇಕು. ಬಿರುಗಾಳಿಯಲ್ಲದಿದ್ದರೂ ಬಲವಾದ ಗಾಳಿಯ ದಿನವೊಂದರಲ್ಲಿ ಅದರ ಮೇಲೆ ಕುಳಿತು ಹೋಗಿಬರಬೇಕು. ಎಲ್ಲಕ್ಕಿಂತ ಮೊದಲು ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇತರರ ದೋಣಿಯಲ್ಲಿ ಒಂದು ಪೂರ್ತಿ ವರ್ಷ, ಬಿಸಿಲಿನಲ್ಲಿಯೂ ಚಳಿಯಲ್ಲಿಯೂ, ಬೇಸರವಿಲ್ಲದೆ ದುಡಿದಿದ್ದೇನೆಯೆ? ಇದನ್ನು ಎಲ್ಲಿ ಕಟ್ಟಿಡಬೇಕೆಂಬುದು ಗೊತ್ತಾಗಿದೆಯೆ? ತಿಂಗಳಿಗೆ ಎಷ್ಟು ದಿನ ನಾನು ನೀರಿನ ಮೇಲಿರಬಲ್ಲೆ? ಈ ಮೂರಕ್ಕೂ ಉತ್ತರ ದೊರೆತರೆ ಕೊಳ್ಳಲಿ. ದೊರೆಯದಿದ್ದರೆ ಇನ್ನೊಂದು ವರ್ಷ ಹಗ್ಗ ಎಳೆಯಲಿ. ಉಳಿದುದೆಲ್ಲ ಲಾಭವೇ.

ಮಹನೀಯರೇ, ಕೊನೆಯದಾಗಿ ಈ ಸಂಘಕ್ಕೆ ಸಂಬಂಧಿಸಿದ ಒಂದೆರಡು ಮಾತು. ನಮ್ಮ ಗಡಿಯ ಮಕ್ಕಳು ಎಳವೆಯಿಂದಲೂ "ಅದು ನಮ್ಮದಲ್ಲ" ಎಂಬ ಮಾತನ್ನು ಬಹಳ ಕೇಳಿ ಬೆಳೆಯುತ್ತಾರೆ. ಬೆಂಗಳೂರು ಹತ್ತಿರವಾದರೂ ಅದು ಬೇರೆ ರಾಜ್ಯ, ಚೆನ್ನೈ ನಮ್ಮ ರಾಜಧಾನಿಯಾದರೂ ಅದು ದೂರ, ಕಡಲಂತೂ ಯಾರದೋ. ಹೀಗೆ ಒಂದೊಂದನ್ನೇ ಬಿಟ್ಟುಕೊಡುತ್ತ ಹೋದರೆ ಮಗುವಿಗೆ ಉಳಿಯುವ ಲೋಕವೆಷ್ಟು? ಏಳನೆಯ ಶತಮಾನದ ಐಹೊಳೆಯ ಶಾಸನವು ಇಮ್ಮಡಿ ಪುಲಿಕೇಶಿಯ ನೌಕಾಬಲವನ್ನು ಕೊಂಡಾಡುತ್ತದೆ. ಬಾದಾಮಿಯಲ್ಲಿ ಕಡಲೆಲ್ಲಿದೆ? ಒಳನಾಡಿನ ಕಲ್ಲುಬೆಟ್ಟದಲ್ಲಿ ಕುಳಿತವನು ಕಡಲನ್ನು ತನ್ನದೆಂದು ತಿಳಿದನು. ಪರೀಕ್ಷೆಗೆ ಬೇಕಾದಷ್ಟು ಇತಿಹಾಸವನ್ನು ನಾನು ಪಾಠ ಹೇಳಬಲ್ಲೆ. ಹಾಯಿ, ಕೂವೆ, ಚುಕ್ಕಾಣಿ, ಲಂಗರು, ಹುಟ್ಟು ಎಂಬ ಶಬ್ದಗಳಿಗೆ ಅರ್ಥ ಬರೆಸಬಲ್ಲೆ. ಆದರೆ ಶಬ್ದ ಬದುಕುವುದು ಅರ್ಥದಿಂದಲ್ಲ, ಬಳಕೆಯಿಂದ. ಹಗ್ಗವನ್ನು ಹಿಡಿದ ಕೈ ಇದ್ದರೆ ಅದರ ಹೆಸರು ತಾನಾಗಿಯೇ ನಾಲಗೆಗೆ ಬರುತ್ತದೆ.

ಆದುದರಿಂದ ಸಂಘದ ಮುಂದೆ ನನ್ನ ಸೂಚನೆಗಳು ಎರಡೇ. ಒಂದು, ಪ್ರತಿ ಬೇಸಗೆಯಲ್ಲಿ ಬಲ್ಲವರನ್ನು ಕರೆಸಿ, ಸಾಕಷ್ಟು ಲೈಫ್ ಜಾಕೆಟ್‌ಗಳನ್ನು ತರಿಸಿ, ನಮ್ಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಈಜು ಕಲಿಸುವ ಏರ್ಪಾಡಾಗಲಿ. ಹಾಯಿ ಕಲಿಯಲಿ ಬಿಡಲಿ, ಮಕ್ಕಳು ಉಳಿಯುತ್ತಾರೆ. ಎರಡು, ವರ್ಷಕ್ಕೊಮ್ಮೆ ಮಕ್ಕಳನ್ನು ಹಲಸೂರು ಕೆರೆಯ ದಡಕ್ಕೆ ಕರೆದೊಯ್ದು ಹಾಯಿ ಹೇಗೆ ಗಾಳಿ ಕುಡಿಯುವುದೆಂಬುದನ್ನು ಕಣ್ಣಾರೆ ತೋರಿಸೋಣ. ಕಾಲೇಜಿಗೆ ಹೋಗುವವರಿಗೆ ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಿ ಹಾಯಿಯ ತರಬೇತಿ ಉಂಟೆಂಬುದನ್ನು ತಿಳಿಸೋಣ. ನೂರು ಮಕ್ಕಳಲ್ಲಿ ಒಬ್ಬರಿಗೆ ಆ ಗಾಳಿ ತಾಕಿದರೂ ಸಾಕು. ದೋಣಿಯನ್ನು ಯಾರು ಬೇಕಾದರೂ ಕೊಳ್ಳಬಹುದು. ಗಾಳಿಯನ್ನು ಕೊಳ್ಳಲು ಬರುವುದಿಲ್ಲ, ಅದನ್ನು ಕಲಿಯಬೇಕು.



ಸಿರಿಗನ್ನಡಂ ಗೆಲ್ಗೆ.